ಅಕ್ಕಯಮ್ಮನ ಊಟ ತೂಗಿದ ವಾರ

ಕೋಣನಕುಂಟೆಯ ತಿಮ್ಮರಾಯಪ್ಪನ ಮನೆಯಲ್ಲಿ ಪ್ರತಿಯೊಬ್ಬರ ಊಟಕ್ಕೂ ಒಂದೊಂದು ಕ್ರಮವಿತ್ತು. ತಿಮ್ಮರಾಯಪ್ಪನಿಗೆ ಸಾರು ಹೊಗೆಯಾಡುತ್ತಿರಬೇಕು. ಅವನ ತಮ್ಮ ಬೋರಣ್ಣನಿಗೆ ಬಿಸಿಯಾದರೂ ಸರಿ, ತಣ್ಣಗಾದರೂ ಸರಿ, ಮುದ್ದೆ ಮಾತ್ರ ತೆಂಗಿನಕಾಯಿ ಗಾತ್ರಕ್ಕೆ ಕಮ್ಮಿಯಿರಬಾರದು. ಇವರಿಬ್ಬರ ತಾಯಿ ಬೈರಮ್ಮನಿಗೆ ಅರ್ಧ ಹಲ್ಲು ಹೋಗಿದ್ದವು, ಕಾಳು ಬೆಣ್ಣೆಯ ಹಾಗೆ ಬೇಯಬೇಕು. ಮಕ್ಕಳು ಮೂವರಲ್ಲಿ ಹಿರಿಯವಳು ಹನ್ನೊಂದು ವರ್ಷದ ಅಂಜನಿಗೆ ಹಾಗಲಕಾಯಿ ಆಗದು, ಕಿರಿಯವಕ್ಕೆ ಖಾರ ಆಗದು. ಮನೆಯ ಸೊಸೆ ಅಕ್ಕಯಮ್ಮನಿಗೆ ಏನು ಆಗುತ್ತದೆ, ಏನು ಆಗದು ಎಂದು ಕೇಳಿದ್ದರೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅವಳು ಉಣ್ಣುವುದನ್ನು ಆ ಮನೆಯಲ್ಲಿ ಯಾರೂ ಸರಿಯಾಗಿ ನೋಡಿರಲೇ ಇಲ್ಲ.

ಅಕ್ಕಯಮ್ಮ ಮೂರು ಮೈಲಿ ಆಚೆಯ ತಲಘಟ್ಟಪುರದ ಹುಡುಗಿ. ಹದಿನೈದಕ್ಕೆ ಮದುವೆಯಾಗಿ ಬಂದಿದ್ದಳು. ಇಪ್ಪತ್ತೆಂಟರ ಹೊತ್ತಿಗೆ ಊರಿನಲ್ಲೇ ಅವಳಷ್ಟು ಚೆನ್ನಾಗಿ ಮುದ್ದೆ ತೊಳಸುವವರು ಇಲ್ಲ ಎನ್ನುವ ಹೆಸರು ಬಂದಿತ್ತು. ಗಂಟಿಲ್ಲದೆ, ಬೆರಳಿಗೆ ಅಂಟದೆ, ಕನ್ನಡಿಯ ಹಾಗೆ ಮಿನುಗುವ ಮುದ್ದೆ. ಯಾರ ಮನೆಯಲ್ಲಿ ದೇವರ ಕಾರ್ಯವಾದರೂ ಹಿಟ್ಟಿನ ಕೋಲು ಹಿಡಿಯಲು ಅವಳನ್ನೇ ಕರೆಯುತ್ತಿದ್ದರು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ತಮಾಷೆ. ಮೈದುನ ಬೋರಣ್ಣನನ್ನು ರೇಗಿಸಿ ನಗುತ್ತಲೇ ಇರುತ್ತಿದ್ದಳು.

ಆದರೆ ಒಂದೆರಡು ವರ್ಷದಿಂದ ಬಾವಿಯಿಂದ ನೀರು ತರುವಾಗ ನಡುದಾರಿಯಲ್ಲಿ ಕೊಡ ಇಳಿಸಿ ಕೂರಬೇಕಾಗುತ್ತಿತ್ತು. ಎದೆ ಡವಡವ ಎನ್ನುತ್ತಿತ್ತು. ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು. ಇದನ್ನೆಲ್ಲ ಅವಳು ಕಾಯಿಲೆ ಎಂದುಕೊಂಡಿರಲಿಲ್ಲ, ಮೂರು ಹೆತ್ತವಳಿಗೆ ಇಷ್ಟೂ ಆಗದಿರುತ್ತದೆಯೇ ಎಂದುಕೊಂಡಿದ್ದಳು. ಇನ್ನೊಂದು ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಒಲೆಯ ಪಕ್ಕದ ಗೋಡೆಯಿಂದ ಸುಟ್ಟ ಮಣ್ಣಿನ ಚೂರು ಕಿತ್ತು ಬಾಯಿಗೆ ಹಾಕಿಕೊಳ್ಳುವ ಚಪಲ ಅಂಟಿಕೊಂಡಿತ್ತು. ಆ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನಾಚಿಕೆ ಎನಿಸಿದರೂ ಬಿಡಲಾಗುತ್ತಿರಲಿಲ್ಲ. ಗೋಡೆಯಲ್ಲಿ ಅಂಗೈ ಅಗಲದ ಗುಳಿಯೇ ಬಿದ್ದಿತ್ತು. ಕೇಳಿದವರಿಗೆ ಇಲಿಯ ಕೆಲಸ ಎನ್ನುತ್ತಿದ್ದಳು.

ಅರವತ್ತೆರಡನೇ ಇಸವಿ, ಸಂಕ್ರಾಂತಿ ಕಳೆದ ವಾರ, ಊರಿಗೆ ಆರೋಗ್ಯ ಇಲಾಖೆಯಿಂದ ಒಬ್ಬ ಹುಡುಗಿ ಬಂದಳು. ಹೆಸರು ಕಮಲಾದೇವಿ, ವಯಸ್ಸು ಇಪ್ಪತ್ತಮೂರು. ದಾವಣಗೆರೆ ಕಡೆಯ ಮೇಷ್ಟ್ರು ಚನ್ನಬಸವಯ್ಯನವರ ಮಗಳು. ಗೃಹವಿಜ್ಞಾನ ಓದಿ, ಇಲಾಖೆಯಲ್ಲಿ ಕೆಲಸ ಸಿಕ್ಕಿ, ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ಸೋದರಮಾವ ಜಯದೇವಪ್ಪನವರ ಮನೆಯಲ್ಲಿ ಇದ್ದಳು. ಹಳ್ಳಿಯ ಜನ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ, ಅದು ಸಾಕೋ ಸಾಲದೋ ಎಂದು ಲೆಕ್ಕ ಮಾಡುವುದು ಅವಳ ಕೆಲಸ. ಇಸ್ಕೂಲಿನಲ್ಲಿ ಚೀಟಿ ಎತ್ತಿ ಹತ್ತು ಮನೆ ಆರಿಸಿದರು. ಮೊದಲನೇ ಚೀಟಿ ತಿಮ್ಮರಾಯಪ್ಪನ ಮನೆಯದು.

ಊರಿನಲ್ಲಿ ಗುಸುಗುಸು ಎದ್ದಿತು. ಉಣ್ಣುವುದಕ್ಕೂ ಕಂದಾಯ ಹಾಕುತ್ತಾರಂತೆ ಎಂದು ಒಬ್ಬರು, ಜಾಸ್ತಿ ಉಣ್ಣುವವರ ರಾಗಿ ಕಿತ್ತುಕೊಳ್ಳುತ್ತಾರಂತೆ ಎಂದು ಇನ್ನೊಬ್ಬರು. ಬೋರಣ್ಣ ಆ ಎರಡನೇ ಮಾತು ಕೇಳಿ ಒಂದು ದಿನವೆಲ್ಲ ಮಂಕಾಗಿದ್ದ. ಬೈರಮ್ಮನ ಚಿಂತೆಯೇ ಬೇರೆ. ಕಮಲಾದೇವಿ ತಗಡಿನ ಪೆಟ್ಟಿಗೆಯಿಂದ ತಕ್ಕಡಿ ತೆಗೆದು ನಡುಮನೆಯಲ್ಲಿಟ್ಟ ಕೂಡಲೇ ಮುದುಕಿ ಅದರ ಮುಂದೆ ಕೂತುಬಿಟ್ಟಳು. ತಕ್ಕಡಿಗೆ ಮೇಲೆ ಒಂದು ತಟ್ಟೆ, ಮುಂದೆ ಗಡಿಯಾರದಂಥ ಮುಖ, ಒಂದೇ ಮುಳ್ಳು.

"ಉಣ್ಣೋ ಹಿಟ್ಟು ತೂಗ್ಬಾರ್ದು ತಾಯಿ, ಕಣ್ಣಾಗ್ತದೆ," ಅಂದಳು.

ಕಮಲಾದೇವಿ ವಾದಕ್ಕೆ ಇಳಿಯಲಿಲ್ಲ. ಕಣ್ಣಾಗದಂತೆ ಏನು ಮಾಡಬೇಕು, ಅದನ್ನು ಮಾಡೋಣ ಎಂದಳು. ಬೈರಮ್ಮ ಯೋಚಿಸಿ ಒಂದು ಕರಾರು ಹಾಕಿದಳು. ದಿನಾ ಕೆಲಸ ಮುಗಿದ ಮೇಲೆ ಉಪ್ಪು ಮೆಣಸಿನಕಾಯಿ ಹಿಡಿದು ಆ ತಕ್ಕಡಿಗೆ ದೃಷ್ಟಿ ತೆಗೆಯಬೇಕು. ಕಮಲಾದೇವಿ ಒಪ್ಪಿದಳು. ಮೊದಲ ದಿನ ಬೈರಮ್ಮ ಮೂರು ಮೆಣಸಿನಕಾಯಿ, ಒಂದು ಹಿಡಿ ಉಪ್ಪು ತಂದಾಗ ಕಮಲಾದೇವಿ ಕೈ ಚಾಚಿ ಅದನ್ನೂ ಇಸಿದುಕೊಂಡು ತೂಗಿ, ಪುಸ್ತಕದಲ್ಲಿ ಬರೆದು, ಒಲೆಗೆ ಹಾಕಿದ ಮೇಲೆ ಯಾರೂ ತಿನ್ನಲಿಲ್ಲ ಎಂದು ಅದರ ಮೇಲೆ ಗೀಟು ಎಳೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗುವಿನಿಂದಲೇ ಇಬ್ಬರಿಗೂ ಸ್ನೇಹವಾಯಿತು.

ಮೊದಲ ದಿನದ ಅಡುಗೆಯಂತೂ ಮದುವೆ ಮನೆಯನ್ನು ಮೀರಿಸಿತ್ತು. ಅನ್ನ, ಹೋಳಿಗೆ, ಪಾಯಸ, ಹಪ್ಪಳ. ಸರ್ಕಾರದ ಪುಸ್ತಕದಲ್ಲಿ ಮನೆಯ ಮಾನ ಹೋಗಬಾರದೆಂದು ಬೈರಮ್ಮನೇ ನಿಂತು ಮಾಡಿಸಿದ್ದಳು. ಕಮಲಾದೇವಿ ಎಲ್ಲವನ್ನೂ ಶ್ರದ್ಧೆಯಿಂದ ತೂಗಿದಳು. ಸಂಜೆ ಬಸ್ಸಿಗೆ ಹೊರಡುವಾಗ, ಮೊದಲನೇ ದಿನದ್ದನ್ನು ನಾವು ಲೆಕ್ಕಕ್ಕೇ ಹಿಡಿಯೋದಿಲ್ಲ ಅಜ್ಜಿ, ಎಲ್ಲರ ಮನೆಯಲ್ಲೂ ಆ ದಿನ ಹಬ್ಬವೇ ಆಗಿರುತ್ತೆ ಎಂದು ಮೆತ್ತಗೆ ತಿಳಿಸಿದಳು. ಬೈರಮ್ಮನಿಗೆ ಆದ ಹೊಟ್ಟೆಯುರಿ ಅಷ್ಟಿಷ್ಟಲ್ಲ. ಹೋಳಿಗೆ ತಿಂದ ಮಕ್ಕಳಿಗೆ ಮಾತ್ರ ಸರ್ಕಾರದ ಮೇಲೆ ಬಹಳ ಗೌರವ ಹುಟ್ಟಿತು.

ಎರಡನೇ ದಿನದಿಂದ ನಿಜವಾದ ಅಡುಗೆ ಶುರುವಾಯಿತು. ಬೆಳಗಿನ ಮೊದಲನೇ ಬಸ್ಸಿಗೆ ಕಮಲಾದೇವಿ ಬರುತ್ತಿದ್ದಳು. ಒಲೆಗೆ ಹೋಗುವ ಮೊದಲು ರಾಗಿಹಿಟ್ಟು, ಕಾಳು, ಸೊಪ್ಪು, ಎಣ್ಣೆ, ಬೆಲ್ಲ ಎಲ್ಲವೂ ತಕ್ಕಡಿ ಏರಿ ಇಳಿಯಬೇಕು. ರಾತ್ರಿಯ ಅಡುಗೆಗೆ ಬೇಕಾದ್ದನ್ನು ಅವಳು ಹೊರಡುವ ಮೊದಲೇ ತೂಗಿಡಬೇಕು. ಮಿಕ್ಕಿದ್ದನ್ನು, ನಾಯಿಗೆ ಹಾಕಿದ್ದನ್ನು, ಹಸುವಿನ ಕಲಗಚ್ಚಿಗೆ ಹೋದದ್ದನ್ನು ಕಳೆಯಬೇಕು. ಸೇರು ಪಾವಿನಲ್ಲಿ ಅಳೆದು ರೂಢಿಯಿದ್ದ ಅಕ್ಕಯಮ್ಮ ಎರಡೇ ದಿನದಲ್ಲಿ ಗ್ರಾಂ ಲೆಕ್ಕ ಕಲಿತಳು. ಕಾಳು ಹಿಡಿಯಲ್ಲಿ ಹಿಡಿದು ಐವತ್ತು ಗ್ರಾಂ ಎಂದರೆ ಮುಳ್ಳು ನಲವತ್ತೆಂಟರಲ್ಲೋ ಐವತ್ತೆರಡರಲ್ಲೋ ನಿಲ್ಲುತ್ತಿತ್ತು.

ಬೋರಣ್ಣ ತನ್ನ ರಾಗಿ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಅತಿಗೆ ಹೋದ. ಚೀಟಿ ಬಿದ್ದ ಹತ್ತು ಮನೆಯಲ್ಲೂ ಯಾರ ಮುದ್ದೆ ದೊಡ್ಡದು ಎಂದು ಪುಸ್ತಕದಲ್ಲಿ ದಾಖಲಾಗುತ್ತದೆ ಎಂದು ತಿಳಿದು, ಮೂರನೇ ದಿನ ಮಧ್ಯಾಹ್ನ ಮೂರು ಮುದ್ದೆ ಹೊಡೆದು ಎದ್ದೇಳಲಾರದೆ ಕಂಬಕ್ಕೆ ಒರಗಿಬಿಟ್ಟ. ಕಮಲಾದೇವಿ ಅವನ ಹೆಸರಿನ ಮುಂದೆ ಸಣ್ಣದಾಗಿ, ಇಂದು ಪೈಪೋಟಿ ಎಂದು ಬರೆದುಕೊಂಡಳು.

ಊಟದ ಹೊತ್ತಿಗೆ ಬಂದವಳು ಉಣ್ಣದೆ ಕೂತಿರುವುದು ಬೈರಮ್ಮನಿಗೆ ಸಹಿಸಲಾಗಲಿಲ್ಲ. ನಾನು ಉಂಡರೆ ಲೆಕ್ಕ ಕೆಡುತ್ತದೆ ಎಂದು ಕಮಲಾದೇವಿ ತಡೆದಳು. ಅವಳ ಮನಸ್ಸಿನಲ್ಲಿ ಇನ್ನೊಂದು ಅಳುಕೂ ಇತ್ತು. ಅವರದು ಲಿಂಗ ಕಟ್ಟಿದ ಮನೆತನ, ಕೋಳಿ ಬೇಯುವ ಮನೆಯಲ್ಲಿ ಉಂಡಳೆಂದು ಜಯನಗರದಲ್ಲಿ ಅತ್ತೆಗೆ ತಿಳಿದರೆ ಮಾತಾಗುತ್ತಿತ್ತು. ನಾಲ್ಕನೇ ದಿನ ಬಸ್ಸಾರಿನ ವಾಸನೆ ಅವಳನ್ನು ಸೋಲಿಸಿತು. ನನ್ನ ಪಾಲನ್ನು ತೂಗಿ ಕಳೆದರಾಯಿತು ಎಂದು ತಾನೇ ದಾರಿ ಹುಡುಕಿಕೊಂಡಳು. ರೊಟ್ಟಿ ತಿಂದು ಬೆಳೆದ ಹುಡುಗಿ ಮುದ್ದೆ ಅಗಿಯಲು ಹೋದಾಗ ಅಂಜನಿ ಮತ್ತು ತಮ್ಮಂದಿರು ಬಿದ್ದು ಬಿದ್ದು ನಕ್ಕರು. ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಅಕ್ಕಯಮ್ಮ ತೋರಿಸಿಕೊಟ್ಟಳು.

ಆ ಬಸ್ಸಾರು ಕಮಲಾದೇವಿಗೆ ಇನ್ನೊಂದು ಕಾರಣಕ್ಕೂ ಹಿಡಿಸಿತ್ತು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ, ಅದರಲ್ಲಿ ಸತ್ವವೆಲ್ಲ ಹೋಗುತ್ತದೆ ಎಂದು ಹೆಂಗಸರಿಗೆ ಹೇಳಿಕೊಡಿ ಎನ್ನುವುದು ಅವಳು ಓದಿದ ಪಾಠ. ಇಲ್ಲಿ ನೋಡಿದರೆ ಸೊಪ್ಪು ಕಾಳು ಬಸಿದ ನೀರನ್ನೇ ಖಾರ ರುಬ್ಬಿ ಹಾಕಿ ಸಾರು ಮಾಡಿದ್ದಾರೆ, ಬಸಿದ ಸೊಪ್ಪು ಪಲ್ಯವಾಗಿದೆ, ಒಂದು ಹನಿ ನೆಲಕ್ಕೆ ಬಿದ್ದಿಲ್ಲ. ಹುರುಳಿ ಮೊಳಕೆ ಕಟ್ಟುತ್ತಾರೆ. ಅವರೆ ಕಾಲದಲ್ಲಿ ಅವರೆ, ಅದು ಮುಗಿದರೆ ಅಲಸಂದೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆಸೊಪ್ಪು, ಹಿತ್ತಲಲ್ಲಿ ನುಗ್ಗೆ. ನಾನು ಇವರಿಗೆ ಕಲಿಸಲು ಬಂದೆನೋ, ಕಲಿಯಲು ಬಂದೆನೋ ಎಂದು ಅವಳು ಅಕ್ಕಯಮ್ಮನ ಹತ್ತಿರ ಹೇಳಿಕೊಂಡಳು. ಅಕ್ಕಯಮ್ಮನಿಗೆ ಇದರಲ್ಲಿ ಹೊಗಳುವಂಥದ್ದೇನಿದೆ ಎಂದು ಅರ್ಥವಾಗಲಿಲ್ಲ.

ಐದನೇ ದಿನದಿಂದ ಕೆಲಸ ಬೇರೆ ಥರ. ಮನೆಯ ಒಟ್ಟು ಅಡುಗೆ ಆಯಿತು, ಇನ್ನು ಎರಡು ದಿನ ಒಬ್ಬೊಬ್ಬರ ತಟ್ಟೆ ಬೇರೆ ಬೇರೆ ತೂಗಬೇಕು, ರಾತ್ರಿಯದನ್ನೂ ತೂಗಿಯೇ ಕೊನೆಯ ಬಸ್ಸಿಗೆ ಹೊರಡಬೇಕು. ಗಂಡಸರದ್ದಾಯಿತು, ಮಕ್ಕಳದ್ದಾಯಿತು, ಬೈರಮ್ಮನದೂ ಆಯಿತು. ಪುಸ್ತಕದಲ್ಲಿ ಒಂದು ಸಾಲು ಖಾಲಿ ಉಳಿಯಿತು. ಕಮಲಾದೇವಿ ಒಲೆಯ ಹತ್ತಿರ ಹೋಗಿ, ಅಕ್ಕ, ಇನ್ನು ನಿಮ್ಮದು ಎಂದಳು.

"ನಂದೇನು ತೂಗ್ತೀರಿ ಬಿಡಿ. ಪಾತ್ರೆ ತೊಳೆಯೋವಾಗ ಹಂಗೇ ಒಂದಿಷ್ಟು ಬಾಯಿಗೆ ಹಾಕ್ಕೊತೀನಿ," ಅಂದಳು ಅಕ್ಕಯಮ್ಮ.

ಕಮಲಾದೇವಿ ಅಲ್ಲೇ ಮಣೆ ಎಳೆದುಕೊಂಡು ಕೂತಳು. ಅಕ್ಕಯಮ್ಮ ಕೊಟ್ಟಿಗೆಗೆ ಹೋಗಿ ಬಂದಳು. ಕಿರಿಯ ಮಗನ ಮೈ ತೊಳೆದಳು. ಬಟ್ಟೆ ಒಣಹಾಕಿದಳು. ಈ ಹುಡುಗಿ ಬೇಸತ್ತು ಎದ್ದು ಹೋಗಲಿ ಎಂದು ಅವಳ ಆಸೆ. ಮಧ್ಯಾಹ್ನದ ಬಸ್ಸು ಹೋಯಿತು, ಕಮಲಾದೇವಿ ಕದಲಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಅಕ್ಕಯಮ್ಮ ಗಡಿಗೆ ಬಗ್ಗಿಸಿದಳು. ತಳದಲ್ಲಿ ಹಿಡಿದಿದ್ದ ಸೀಕು ಕೆರೆದು ತೆಗೆದಾಗ ದೊಡ್ಡ ನಿಂಬೆಹಣ್ಣಿನಷ್ಟಾಯಿತು. ಸಾರಿನಲ್ಲಿ ಕಾಳು ಎಂಟೋ ಹತ್ತೋ. ಪಲ್ಯ ಇರಲಿಲ್ಲ. ಕಮಲಾದೇವಿ ತೂಗಿ ಬರೆದಳು. ಉಣ್ಣುವಾಗ ಅಕ್ಕಯಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಬೇರೆಯವರ ಎದುರಿಗೆ ಉಣ್ಣುವುದು ಅವಳಿಗೆ ಬಟ್ಟೆ ಬದಲಿಸಿದಷ್ಟೇ ಸಂಕೋಚದ ವಿಷಯವಾಗಿತ್ತು.

ಅವಳು ತಿರುಗಿದ ಕಡೆಯೇ ಗೋಡೆಯ ಗುಳಿ ಇತ್ತು. ಕಮಲಾದೇವಿಯ ಕಣ್ಣು ಅದರ ಮೇಲೆ ಬಿತ್ತು. ಇಲಿ ಇಷ್ಟು ನೀಟಾಗಿ ಕೆರೆಯುವುದಿಲ್ಲ. ಅವಳು ಹತ್ತಿರ ಸರಿದು, ಎಷ್ಟು ದಿನದಿಂದ ಮಣ್ಣು ತಿನ್ನುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದಳು. ಅಕ್ಕಯಮ್ಮನ ಮುಖ ಕೆಂಪಾಗಬೇಕಿತ್ತು, ಆಗಲಿಲ್ಲ. ಕೆಂಪಾಗುವಷ್ಟು ರಕ್ತವೇ ಇರಲಿಲ್ಲ. ಕಮಲಾದೇವಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಒಳಗೆ ಬಿಳಿಚಿಕೊಂಡಿತ್ತು. ಇದು ಕೆಟ್ಟ ಚಪಲವಲ್ಲ ಅಕ್ಕ, ಮೈಯಲ್ಲಿ ಕಬ್ಬಿಣ ಕಮ್ಮಿಯಾದವರಿಗೆ ಹೀಗಾಗುವುದುಂಟು, ಆದರೆ ಮಣ್ಣಿನಿಂದ ಅದು ತುಂಬುವುದಿಲ್ಲ ಎಂದು ವಿವರಿಸಿದಳು. ಯಾರಿಗೂ ಹೇಳದೆ ಇಟ್ಟುಕೊಂಡ ಗುಟ್ಟಿಗೆ ಒಂದು ಹೆಸರಿದೆ, ಕಾರಣವಿದೆ ಎಂದು ತಿಳಿದು ಅಕ್ಕಯಮ್ಮನಿಗೆ ಎದೆ ಹಗುರಾಯಿತು. ಆಗ ಎರಡನೇ ಗುಟ್ಟನ್ನೂ ತಾನಾಗಿ ಹೇಳಿದಳು. ಬಸಿರಾಗಿ ನಾಲ್ಕು ತಿಂಗಳು ಮುಗಿದಿತ್ತು. ಇನ್ನೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಏಳನೇ ದಿನ ಲೆಕ್ಕವೆಲ್ಲ ಕೂಡಿ ಮುಗಿಸಿ, ಸಾಯಂಕಾಲ ಕಮಲಾದೇವಿ ತಕ್ಕಡಿ ಪೆಟ್ಟಿಗೆಗೆ ಹಾಕುವಾಗ ಮನೆಯವರೆಲ್ಲ ಜಗಲಿಯಲ್ಲಿ ಸೇರಿದರು. ತಿಮ್ಮರಾಯಪ್ಪ ಕಮ್ಮಿ ಮಾತಿನ ಮನುಷ್ಯ. ಅವನು, ಏಳು ದಿನ ನಮ್ಮನೆ ಊಟ ನೋಡಿದ್ದೀರಿ, ಹೆಂಗಿದೆ ಅಂತ ಹೇಳಿ ಹೋಗಿ ಎಂದು ಕೇಳಿದ. ಲೆಕ್ಕ ಮೊದಲು ಆಫೀಸಿಗೆ ಹೋಗಬೇಕು, ಇಲ್ಲಿ ಹೇಳುವ ಹಾಗಿಲ್ಲ. ಕಮಲಾದೇವಿ ಅದನ್ನು ಬಾಯಿಬಿಟ್ಟು ಹೇಳಲು ಹೊರಟು, ಬಾಗಿಲ ಹಿಂದೆ ನಿಂತಿದ್ದ ಅಕ್ಕಯಮ್ಮನ ಕಡೆ ನೋಡಿ ಮನಸ್ಸು ಬದಲಾಯಿಸಿದಳು. ಪುಸ್ತಕ ಬಿಚ್ಚಿದಳು.

ದುಡಿಯುವುದಕ್ಕೆ ಬಲ ಕೊಡುವುದು ಒಂದು, ಮೈ ಕಟ್ಟುವುದು ಒಂದು, ಕಾಯಿಲೆ ಬರದಂತೆ ಕಾಯುವುದು ಒಂದು, ಊಟದಲ್ಲಿ ಈ ಮೂರೂ ಇರಬೇಕು ಎಂದು ಶುರು ಮಾಡಿದಳು. ನಿಮ್ಮ ಮನೆಯಲ್ಲಿ ಮೂರೂ ಇವೆ. ರಾಗಿ ಬಲ ಕೊಡುತ್ತದೆ, ಅದರ ಜೊತೆಗೆ ಮೂಳೆಗೆ ಬೇಕಾದ ಸುಣ್ಣವೂ ಇದೆ. ಬೈರಮ್ಮ ತಕ್ಷಣ ತಡೆದು, ಹಿಟ್ಟಿಗೆ ಸುಣ್ಣ ಬೆರೆಸಿದ್ದು ಯಾರು ಎಂದಳು. ಗೋಡೆಗೆ ಬಳಿಯುವ ಸುಣ್ಣ ಅಲ್ಲ, ಕಾಳಿನಲ್ಲೇ ಹುಟ್ಟಿ ಬರುವಂಥದ್ದು ಎಂದು ಬಿಡಿಸಿ ಹೇಳಬೇಕಾಯಿತು. ಸೊಪ್ಪಿನಲ್ಲಿ ಕಬ್ಬಿಣ ಎಂದಾಗ ಬೋರಣ್ಣ, ಅದಕ್ಕೇ ನಂಗೆ ದಂಟಿನ ಸೊಪ್ಪು ಅಗಿಯೋಕೆ ಕಷ್ಟ ಎಂದು ನಗಿಸಿದ. ಪಟ್ಟಣದವರ ಹಾಗೆ ಮೂರು ಹೊತ್ತೂ ಬಿಳಿ ಅನ್ನ ಉಣ್ಣಬೇಕೆಂದು ಬೋರಣ್ಣನಿಗೆ ಬಹಳ ದಿನದ ಆಸೆ. ಮಿಲ್ಲಿನಲ್ಲಿ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಗಿಂತ ನಿಮ್ಮ ಮುದ್ದೆಯೇ ವಾಸಿ ಎಂದು ಕೇಳಿ ಅವನಿಗೆ ಸ್ವಲ್ಪ ನಿರಾಸೆಯೂ ಆಯಿತು, ಸ್ವಲ್ಪ ಜಂಬವೂ ಬಂತು.

ತಿಮ್ಮರಾಯಪ್ಪ ಮಾತ್ರ ನಗದೆ, ಹಂಗಾದ್ರೆ ನಮ್ಮದು ಪಾಸು ಅನ್ನಿ ಎಂದ.

"ನಿಮ್ಮ ಮನೆ ಊಟ ಚೆನ್ನಾಗಿದೆ. ಹಂಚೋದು ಚೆನ್ನಾಗಿಲ್ಲ," ಅಂದಳು ಕಮಲಾದೇವಿ.

ಆಮೇಲೆ ಎರಡು ದಿನದ ಲೆಕ್ಕ ಓದಿದಳು. ದಿನಕ್ಕೆ ಬೋರಣ್ಣನಿಗೆ ಹಿಟ್ಟು ಏಳುನೂರ ಎಂಬತ್ತು ಗ್ರಾಂ, ಕಾಳು ತೊಂಬತ್ತು. ತಿಮ್ಮರಾಯಪ್ಪನಿಗೆ ಆರುನೂರ ಹತ್ತು, ಕಾಳು ಎಂಬತ್ತು. ಬೈರಮ್ಮನಿಗೆ ಮುನ್ನೂರು. ಅಂಜನಿಗೆ ಇನ್ನೂರ ತೊಂಬತ್ತು. ಅಕ್ಕಯಮ್ಮನಿಗೆ ಇನ್ನೂರ ಹತ್ತು, ಕಾಳು ಹತ್ತು. ಆರು ಜನರನ್ನು ಉಣ್ಣಿಸುವವಳು ಮಗಳಿಗಿಂತ ಕಮ್ಮಿ ಉಣ್ಣುತ್ತಿದ್ದಾಳೆ, ಅದೂ ಎರಡು ಜೀವದವಳು ಎಂದು ಹೇಳಿ ಪುಸ್ತಕ ಮುಚ್ಚಿದಳು.

ಎರಡು ಜೀವ ಎಂಬ ಮಾತು ಆ ಜಗಲಿಯಲ್ಲಿ ಮೊದಲ ಸಲ ಕೇಳಿದ್ದು. ತಿಮ್ಮರಾಯಪ್ಪ ಬಾಗಿಲ ಕಡೆ ತಿರುಗಿದ. ಹೆಗಲ ಮೇಲಿನ ಟವಲು ತೆಗೆದು ಮಡಿಸುತ್ತ ಕೂತ. ಹನ್ನೆರಡು ಹದಿಮೂರು ವರ್ಷ ತನ್ನ ತಟ್ಟೆಗೆ ಎರಡನೇ ಸಲ ಸಾರು ಬಿದ್ದಾಗಲೆಲ್ಲ ಅದು ಎಲ್ಲಿಂದ ಬಂತು ಎಂದು ಅವನು ಯೋಚಿಸಿರಲಿಲ್ಲ. ಮೊದಲು ಮಾತಾಡಿದವಳು ಬೈರಮ್ಮ.

"ನಾನೂ ಹಂಗೇ ಉಂಡೋಳು. ನಮ್ಮತ್ತೆ ಎದ್ದ ಮೇಲೆ ಗಡಿಗೆ ಬಗ್ಗಿಸಿ ನೋಡ್ತಿದ್ದೆ. ಹಸೀತಿತ್ತು. ಸೊಸೆ ಅಂದ್ರೆ ಹಂಗೇ ಅಂದ್ಕೊಂಡಿದ್ದೆ ಕಣಮ್ಮ. ಇವಳಿಗೂ ಹಸೀತದೆ ಅಂತ ನಂಗೆ ತೋಚ್ಲೇ ಇಲ್ಲ."

ಅಕ್ಕಯಮ್ಮ ಒಳಗೆ ಹೋಗಿ ಒಲೆಗೆ ಸೌದೆ ಒಡ್ಡಿದಳು. ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದಲೋ ಅಲ್ಲವೋ ನೋಡಲು ಯಾರೂ ಒಳಗೆ ಹೋಗಲಿಲ್ಲ. ಅದೂ ಒಂದು ಮರ್ಯಾದೆಯೇ.

ಮಾರನೆಯ ದಿನದಿಂದ ಬೈರಮ್ಮ ಅಧಿಕಾರ ವಹಿಸಿಕೊಂಡಳು. ಗಂಡಸರು ಹೊಲದಿಂದ ಬರುವ ಮೊದಲೇ ಅತ್ತೆ ಸೊಸೆ ಎದುರುಬದುರು ಕೂತು ಉಣ್ಣಬೇಕು. ಸೌಟು ತಾನೇ ಹಿಡಿಯುತ್ತಿದ್ದಳು, ತಳದಿಂದ ಕಲಕಿ ಕಾಳು ಎತ್ತಿ ಹಾಕುತ್ತಿದ್ದಳು. ಆದರೆ ಇಡೀ ಮುದ್ದೆ ಮುಂದಿಟ್ಟರೆ ಅಕ್ಕಯಮ್ಮನಿಗೆ ಇಳಿಯುತ್ತಲೇ ಇರಲಿಲ್ಲ. ಇಷ್ಟು ವರ್ಷದ ಮೇಲೆ ಹೊಟ್ಟೆಯೂ ಚಿಕ್ಕದಾಗಿತ್ತು, ಅತ್ತೆಯ ಎದುರು ಬಾಯಿ ಆಡಿಸಲು ನಾಚಿಕೆಯೂ ಆಗುತ್ತಿತ್ತು. ಬೈರಮ್ಮ ಗೋಡೆ ಕಡೆ ತಿರುಗಿ ಕೂತು, ನಾನು ನೋಡಲ್ಲ ನೀನುಣ್ಣು ಎನ್ನುತ್ತಿದ್ದಳು. ಎರಡೇ ನಿಮಿಷಕ್ಕೆ ತಿರುಗಿ ನೋಡಿ, ಇನ್ನೂ ಅಷ್ಟೇ ಇದೆಯಲ್ಲ ಎಂದು ಬೈಯುತ್ತಿದ್ದಳು. ನಗು ಬಂದು ಅಕ್ಕಯಮ್ಮನಿಗೆ ನೆತ್ತಿಗೆ ಹತ್ತುತ್ತಿತ್ತು. ಅರ್ಧ ಮುದ್ದೆಯಿಂದ ಮುಕ್ಕಾಲಿಗೆ, ಮುಕ್ಕಾಲಿನಿಂದ ಒಂದಕ್ಕೆ ಏರಲು ಒಂದು ತಿಂಗಳು ಬೇಕಾಯಿತು. ತನಗೆ ಹಾಗಲಕಾಯಿ ಗೊಜ್ಜು ಎಂದರೆ ಪ್ರಾಣ ಎಂದು ಅಕ್ಕಯಮ್ಮ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ತಿಂಗಳಲ್ಲೇ. ಅಂಜನಿ ಮುಖ ಕಿವುಚಿಕೊಂಡಳು, ಆದರೂ ವಾರಕ್ಕೊಮ್ಮೆ ಗೊಜ್ಜು ಆಯಿತು.

ಕಮಲಾದೇವಿ ಉಳಿದ ಒಂಬತ್ತು ಮನೆ ತೂಗಲು ಬರುತ್ತಲೇ ಇದ್ದಳು, ಬಂದಾಗಲೆಲ್ಲ ಇಲ್ಲಿಗೂ ಇಣುಕುತ್ತಿದ್ದಳು. ಅಕ್ಕಯಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಎರಡು ದಿನ ಬಿಟ್ಟುಬಿಟ್ಟಳು. ಬರಿಹೊಟ್ಟೆಗೆ ಬೇಡ, ಊಟದ ಜೊತೆಗೆ ನುಂಗಿ, ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಹುಳಿ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದು ಕಮಲಾದೇವಿ ಉಪಾಯ ಹೇಳಿದಳು. ತಿಮ್ಮರಾಯಪ್ಪ ಸಂತೆಯಿಂದ ಬರುವಾಗ ನಿಂಬೆಹಣ್ಣು ತರತೊಡಗಿದ. ಸಂತೆಯಿಲ್ಲದ ದಿನವೂ ಎಲ್ಲಿಂದಲೋ ಎರಡು ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದ. ಬೋರಣ್ಣ ತನ್ನ ಮುದ್ದೆಯನ್ನು ಸಣ್ಣದು ಮಾಡಿಸಿಕೊಳ್ಳಲು ಹೋದ. ಬೇಡ, ನೇಗಿಲು ಹಿಡಿಯುವವನಿಗೆ ಅದು ಬೇಕು, ಒಂದು ಪಾವು ಹಿಟ್ಟು ಹೆಚ್ಚಿಗೆ ತೊಳಸಿದರೆ ಎಲ್ಲರಿಗೂ ಆಗುತ್ತದೆ ಎಂದು ಅಕ್ಕಯಮ್ಮನೇ ತಡೆದಳು. ನಿಜವಾಗಿ ಬೇಕಾಗಿದ್ದದ್ದು ಅಷ್ಟೇ, ಒಂದು ಪಾವು.

ಬೇಸಗೆಯ ಹೊತ್ತಿಗೆ ಅವಳು ಬಾವಿಯಿಂದ ಮನೆವರೆಗೆ ಕೊಡ ಇಳಿಸದೆ ಬರುತ್ತಿದ್ದಳು. ಮಣ್ಣಿನ ಚಪಲ ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ. ಒಂದು ದಿನ ಗೋಡೆ ಸಾರಿಸುವಾಗ ಗುಳಿ ಕಣ್ಣಿಗೆ ಬಿದ್ದು, ಒಂದು ಹಿಡಿ ಕೆಸರು ಮೆತ್ತಿ ಮುಚ್ಚಿದಳು. ಜೂನಿನಲ್ಲಿ ಹೆಣ್ಣು ಮಗು ಹುಟ್ಟಿತು. ನರ್ಸಮ್ಮ ತೂಗಿ ಮೂರು ಕಿಲೋಗೆ ಸ್ವಲ್ಪ ಮೇಲೆ ಎಂದಳು. ಹಿಂದಿನ ಮೂರೂ ಕೂಸುಗಳು ಅಂಗೈಯಲ್ಲಿ ಹಿಡಿಯುವ ಹಾಗಿದ್ದವು. ಇದನ್ನು ಎತ್ತಿಕೊಂಡ ಬೈರಮ್ಮ, ಇದು ಬೋರಣ್ಣನ್ನ ಹೋಲೋ ಹಂಗಿದೆ ಎಂದಳು. ಮಗುವಿಗೆ ಪಂಕಜಾ ಎಂದು ಹೆಸರಿಟ್ಟರು.

ಕಮಲಾದೇವಿ ಮರುವರ್ಷ ಮದುವೆಯಾಗಿ ಶಿವಮೊಗ್ಗಕ್ಕೆ ಹೋದಳು. ಹೋಗುವ ಮೊದಲು ಊರಿನಲ್ಲಿ ಬಾಲವಾಡಿ ತೆರೆಯಿತು, ಅದಕ್ಕೆ ಅಡುಗೆಯವರು ಬೇಕಾದಾಗ ಅಕ್ಕಯಮ್ಮನ ಹೆಸರು ಹೇಳಿದವಳು ಅವಳೇ. ಮೊದಮೊದಲು ಅಕ್ಕಯಮ್ಮನಿಗೆ ಮನೆ ಬಿಟ್ಟು ಹೋಗಲು ಹೆದರಿಕೆಯಾಯಿತು. ಬೈರಮ್ಮ ಪಂಕಜಾಳನ್ನು ಕಂಕುಳಿಗೆ ಏರಿಸಿಕೊಂಡು, ನೀನು ಹೋಗು ಎಂದಳು. ಹುರಿದ ರಾಗಿ, ಹುರಿಗಡಲೆ, ಕಡಲೆಕಾಯಿ ಬೀಜ ಬೀಸಿ, ಬೆಲ್ಲದ ಪಾಕದಲ್ಲಿ ಅಕ್ಕಯಮ್ಮ ಕಟ್ಟುತ್ತಿದ್ದ ಉಂಡೆಗೆ ಮಕ್ಕಳು ಬೆಳಗಾಗುವ ಮೊದಲೇ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಅರವತ್ತೈದು ಅರವತ್ತಾರರಲ್ಲಿ ಮಳೆ ಕೈಕೊಟ್ಟು ರಾಗಿ ಸಾಲದಾಯಿತು, ರೇಷನ್ನಿನಲ್ಲಿ ಮುಸುಕಿನ ಜೋಳವೂ ಕೆಂಪು ಗೋಧಿಯೂ ಬಂದವು. ಜೋಳದ ಹಿಟ್ಟು ಮುದ್ದೆಯಾಗದೆ ಒಡೆಯುತ್ತದೆ ಎಂದು ಹೆಂಗಸರು ತಲೆಯ ಮೇಲೆ ಕೈ ಹೊತ್ತು ಕೂತರು. ಅಕ್ಕಯಮ್ಮ ಒಂದು ವಾರ ಬಾಲವಾಡಿಯ ಒಲೆಯಲ್ಲಿ ಪಳಗಿಸಿ, ಅರ್ಧ ಜೋಳ ಅರ್ಧ ರಾಗಿ, ಎಸರು ಸ್ವಲ್ಪ ಹೆಚ್ಚು, ಮೊದಲು ಗಂಜಿ ಕಾಯಿಸಿ ಆಮೇಲೆ ಹಿಟ್ಟು ಎಂದು ಹದ ಕಂಡುಹಿಡಿದಳು. ಮನೆ ಮನೆಗೆ ಹೋಗಿ ತೋರಿಸಿಕೊಟ್ಟಳು. ಕಲಿಸಿ ಎದ್ದು ಬರುವಾಗ ಆ ಮನೆಯ ಸೊಸೆಯನ್ನು ಹಿತ್ತಲಿಗೆ ಕರೆದು, ನೀನು ಯಾವಾಗ ಉಣ್ಣುತ್ತೀಯ ಎಂದು ಕೇಳುವುದು ಅವಳ ಪದ್ಧತಿಯಾಯಿತು. ಕೆಲವರು ನಕ್ಕರು, ಕೆಲವರು ಅತ್ತರು, ಒಂದಿಬ್ಬರು ಅತ್ತೆಯಂದಿರು ಅವಳನ್ನು ಮತ್ತೆ ಮನೆಗೆ ಸೇರಿಸಲಿಲ್ಲ.

ಅರವತ್ತಾರರ ಕೊನೆಗೆ ಅವಳ ತಮ್ಮ ರಾಮಯ್ಯನ ಮದುವೆಯಾಯಿತು. ಎರಡು ತಿಂಗಳು ಬಿಟ್ಟು ಅಕ್ಕಯಮ್ಮ ಪಂಕಜಾಳನ್ನು ನಡೆಸಿಕೊಂಡು ತಲಘಟ್ಟಪುರಕ್ಕೆ ಹೋದಳು. ಮಧ್ಯಾಹ್ನ ರಾಮಯ್ಯ ಉಣ್ಣಲು ಕೂತ. ಹೊಸ ಹೆಂಡತಿ ಚೂಡಾಮಣಿ ಸೌಟು ಹಿಡಿದು ಕಂಬದ ಮರೆಯಲ್ಲಿ ನಿಂತಿದ್ದಳು. ತೆಳ್ಳಗಿನ ಹುಡುಗಿ, ಹದಿನೆಂಟಿರಬಹುದು. ಅಕ್ಕಯಮ್ಮ ತನ್ನ ತಟ್ಟೆ ತಂದು ತಮ್ಮನ ಪಕ್ಕದಲ್ಲಿ ಇಟ್ಟುಕೊಂಡಳು. ಇನ್ನೊಂದು ತಟ್ಟೆ ಈ ಕಡೆ ಇಟ್ಟು, ಬಾ ಎಂದು ಚೂಡಾಮಣಿಯನ್ನು ಕರೆದಳು. ಹುಡುಗಿ ಅತ್ತೆಯ ಮುಖ ನೋಡಿದಳು. ಅಕ್ಕಯಮ್ಮನ ತಾಯಿಗೆ ಇದು ಹೊಸದು. ಎಲ್ಲರೂ ಕೂತರೆ ಬಡಿಸುವವರು ಯಾರು ಎಂದು ಕೇಳಿದಳು.

"ಗಡಿಗೆ ತಂದು ನಡುವೆ ಇಡವ್ವ, ನಾವೇ ಹಾಕ್ಕೊತೀವಿ. ನೀನೂ ಕೂತ್ಕೊ," ಅಂದಳು ಅಕ್ಕಯಮ್ಮ.

ರಾಮಯ್ಯ ಚೂಡಾಮಣಿಗೆ ಜಾಗವಾಗಲೆಂದು ಗೋಡೆಯ ಕಡೆ ಸರಿದು ಕೂತ. ಆಮೇಲೆ ತಾಯಿ ಒಳಗಿಂದ ಗಡಿಗೆ ತಂದಳು. ಮೊಳಕೆ ಹುರುಳಿಯ ಸಾರು, ನುಗ್ಗೆಸೊಪ್ಪಿನ ಪಲ್ಯ. ಪಂಕಜಾ ಮೊದಲು ಕೈ ಹಾಕಿ ಬೈಸಿಕೊಂಡಳು. ಚೂಡಾಮಣಿ ತಲೆ ತಗ್ಗಿಸಿ, ಮುದ್ದೆಯನ್ನು ಹುಣಸೆಬೀಜದಷ್ಟು ಸಣ್ಣದಾಗಿ ಮುರಿದು ಮುರಿದು ನುಂಗಿದಳು. ಅರ್ಧ ಆಗುವ ಹೊತ್ತಿಗೆ ತುತ್ತು ದೊಡ್ಡದಾಯಿತು. ಅಕ್ಕಯಮ್ಮ ಸೌಟನ್ನು ತಳದವರೆಗೆ ಇಳಿಸಿ, ಕಾಳು ಎತ್ತಿ ಅವಳ ತಟ್ಟೆಗೆ ಹಾಕಿದಳು.